ಕ್ಷೇತ್ರದ ಡೈರಿಯಿಂದ ಪಿಎಚ್‌.ಡಿ. ಪ್ರಬಂಧದವರೆಗೆ: ಅನುಭವಿ ಸಮಾಜಕಾರ್ಯಕರ್ತರಿಗೊಂದು ಮಾರ್ಗದರ್ಶಿ

ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ, ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿ ಒಬ್ಬ ಯುವಕನ ಹೆಸರಿನ ಮುಂದೆ ಐದು ತಿಂಗಳಿಂದ ‘ಬಂದಿಲ್ಲ’ ಎಂದೇ ಬರೆದಿತ್ತು. ಚಿಕಿತ್ಸೆ ಬಿಟ್ಟವರ ಪಟ್ಟಿಗೆ ಅವನನ್ನು ಸೇರಿಸಿಕೊಂಡು ಮನೆಭೇಟಿಗೆ ಹೋದಾಗ, ಅವನ ತಾಯಿ ಗೋಡೆಯ ಗೂಡಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ನನ್ನ ಮುಂದೆ ಸುರಿದರು. ಖಾಲಿಯಾದ ಮಾತ್ರೆಯ ಸ್ಟ್ರಿಪ್ಪುಗಳು, ಮಡಿಕೆಯಲ್ಲಿ ಹರಿದುಹೋಗಿದ್ದ ಹಳೆಯ ಚೀಟಿ. ಪಟ್ಟಣಕ್ಕೆ ಗಾರೆ ಕೆಲಸಕ್ಕೆ ಹೋಗುವ ಪಕ್ಕದ ಮನೆಯವರ ಕೈಯಲ್ಲಿ ಆ ಚೀಟಿ ಕೊಟ್ಟು, ಮೆಡಿಕಲ್ ಅಂಗಡಿಯಿಂದ ಅದೇ ಮಾತ್ರೆಯನ್ನು ಅವರು ತಿಂಗಳು ತಿಂಗಳೂ ತರಿಸುತ್ತಿದ್ದರು. ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವುದನ್ನು ದುಡ್ಡು ಕೊಟ್ಟು ತರಿಸುವುದೇಕೆಂದು ಕೇಳಿದೆ. ಮಂಗಳವಾರ ಕೂಲಿ ಬಿಟ್ಟರೆ ಹೋಗುವ ದುಡ್ಡು ಅದಕ್ಕಿಂತ ಜಾಸ್ತಿ ಎಂದರು.

ರಿಜಿಸ್ಟರಿನ ಲೆಕ್ಕದಲ್ಲಿ ಅವನು ಚಿಕಿತ್ಸೆ ಬಿಟ್ಟವನು, ಮನೆಯ ಲೆಕ್ಕದಲ್ಲಿ ಒಂದು ದಿನವೂ ಬಿಟ್ಟವನಲ್ಲ. ಹದಿನಾಲ್ಕು ವರ್ಷ ಕೆಲಸ ಮಾಡಿದ ಮೇಲೆ ನನಗೆ ಪಿಎಚ್‌.ಡಿ.ಯ ಪ್ರಶ್ನೆ ಸಿಕ್ಕಿದ್ದು ಆ ಕವರಿನಲ್ಲಿ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ, ಹತ್ತಾರು ವರ್ಷ ಹಳ್ಳಿ, ಕೊಳೆಗೇರಿ, ಆಸ್ಪತ್ರೆ, ಬಾಲಮಂದಿರಗಳಲ್ಲಿ ದುಡಿದು, ಈಗ ಸಂಶೋಧನೆಗೆ ಮನಸ್ಸು ಮಾಡಿರುವವರಿಗಾಗಿ ಈ ಲೇಖನ. ಕೆಲಸದಲ್ಲಿದ್ದುಕೊಂಡೇ, ಅರೆಕಾಲಿಕವಾಗಿ, ಕರ್ನಾಟಕದಲ್ಲಿ ಪಿಎಚ್‌.ಡಿ. ಮಾಡಬಯಸುವವರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಪ್ರಶ್ನೆ, ಆಮೇಲೆ ಅರ್ಜಿ

ಅನುಭವಿಗಳ ಮೊದಲ ಪ್ರಸ್ತಾವನೆ ಬಹುಮಟ್ಟಿಗೆ ಒಂದೇ ರೀತಿ ಇರುತ್ತದೆ. ‘ಇಂಥ ಜಿಲ್ಲೆಯಲ್ಲಿ ಇಂಥವರ ಸಮಸ್ಯೆಗಳು: ಒಂದು ಅಧ್ಯಯನ’ ಎಂಬ ಶೀರ್ಷಿಕೆ, ಅದರ ಕೆಳಗೆ ಲೇಖಕರಿಗೆ ಮೊದಲೇ ಖಚಿತವಾಗಿ ಗೊತ್ತಿರುವ ಆರೇಳು ಸಂಗತಿಗಳು. ನನ್ನದೂ ಹಾಗೆಯೇ ಇತ್ತು, ಅದನ್ನು ಸಂದರ್ಶನ ಸಮಿತಿ ಎರಡು ನಿಮಿಷದಲ್ಲಿ ಬದಿಗಿಟ್ಟಿತು. ಆ ದಿನ ತುಂಬ ನೋವಾಗಿತ್ತು. ಇಷ್ಟು ವರ್ಷ ಜನರ ನಡುವೆ ಇದ್ದವಳಿಗೆ ಸಮಸ್ಯೆ ಗೊತ್ತಿಲ್ಲವೇ ಎನಿಸಿತ್ತು. ಸಮಸ್ಯೆ ಗೊತ್ತಿತ್ತು, ಪ್ರಶ್ನೆ ಇರಲಿಲ್ಲ. ಉತ್ತರ ಗೊತ್ತಿರುವುದನ್ನು ಇನ್ನೂರು ಜನರ ಬಾಯಲ್ಲಿ ಹೇಳಿಸಿ ಪ್ರತಿಶತ ಲೆಕ್ಕ ಹಾಕುವುದು ವರದಿಯಾಗುತ್ತದೆ, ಸಂಶೋಧನೆಯಾಗುವುದಿಲ್ಲ.

ಆದ್ದರಿಂದ ಅರ್ಜಿ ತುಂಬುವ ಮುನ್ನ ಮೂರು ತಿಂಗಳನ್ನು ಇದಕ್ಕೇ ಮೀಸಲಿಡಿ. ನಿಮ್ಮ ಹಳೆಯ ಡೈರಿಗಳನ್ನೂ ಮನೆಭೇಟಿಯ ಟಿಪ್ಪಣಿಗಳನ್ನೂ ತೆಗೆದು, ‘ಹೀಗಾಗಬಾರದಿತ್ತು’ ಎಂದು ನೀವು ಬೆರಗಾದ ಜಾಗಗಳಿಗೆ ಮಾತ್ರ ಗುರುತು ಹಾಕಿ. ಸಿಟ್ಟು ಬಂದ ಜಾಗಗಳು ಬೇಡ, ಅಂದಾಜು ತಪ್ಪಿದ ಜಾಗಗಳು ಬೇಕು. ಯೋಜನೆ ಚೆನ್ನಾಗಿದ್ದರೂ ಜನ ಬಾರದ ಊರು, ಯಾವ ನೆರವೂ ಇಲ್ಲದೆ ಶಾಲೆಗೆ ಮರಳಿದ ಹುಡುಗಿ, ಸಂಘದ ಸಾಲ ತೀರಿಸಿದ ಮೇಲೂ ಬಡ್ಡಿಯವನ ಬಳಿಗೇ ಹೋಗುವ ಮನೆ, ಇಂಥವು. ಪ್ರತಿಯೊಂದರ ಕೆಳಗೂ ಒಂದೇ ವಾಕ್ಯದಲ್ಲಿ ಪ್ರಶ್ನೆ ಬರೆದು, ಅದರ ಉತ್ತರ ನಿಮಗೆ ಈಗಲೇ ಗೊತ್ತಿದ್ದರೆ ಆ ಪ್ರಶ್ನೆಯನ್ನು ಹೊಡೆದುಹಾಕಿ.

ಪ್ರಶ್ನೆ ಒಬ್ಬ ಮನುಷ್ಯ ಕೆಲವು ವರ್ಷಗಳಲ್ಲಿ ಉತ್ತರಿಸಬಲ್ಲಷ್ಟು ಚಿಕ್ಕದಾಗಿರಬೇಕು. ‘ಗ್ರಾಮೀಣ ಮಾನಸಿಕ ಆರೋಗ್ಯ’ ಎಂಬುದು ಒಂದು ಜನ್ಮವೂ ಸಾಲದಷ್ಟು ದೊಡ್ಡ ವಿಷಯ. ‘ಕ್ಲಿನಿಕ್ಕಿನ ದಾಖಲೆಯಲ್ಲಿ ಚಿಕಿತ್ಸೆ ಬಿಟ್ಟವರೆಂದು ತೋರಿಸಿರುವವರಲ್ಲಿ ನಿಜವಾಗಿ ಬಿಟ್ಟವರು ಯಾರು, ಬೇರೆ ದಾರಿಯಿಂದ ಮುಂದುವರಿಸಿದವರು ಯಾರು’ ಎಂಬುದು ಮಾಡಬಹುದಾದ ಕೆಲಸ. ಅದೇ ಕ್ಷೇತ್ರದ ಇನ್ನೊಂದು ಪ್ರಶ್ನೆ ಈಗ ಯಾರಾದರೂ ಕೈಗೆತ್ತಿಕೊಳ್ಳಲಿ ಎಂದು ಕಾಯುತ್ತಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ರೋಗಿಯನ್ನು ಕರೆತರುವವರು ಹೆಚ್ಚಾಗಿ ತಾಯಿ, ಹೆಂಡತಿ, ಅಕ್ಕತಂಗಿಯರೇ ಆಗಿರುವಾಗ, ಮನೆಯೊಳಗೆ ಈ ಜವಾಬ್ದಾರಿ ಹಂಚಿಕೆಯಾಗುವ ರೀತಿ ಅದರಿಂದ ಬದಲಾಗಿದೆಯೇ? ಬಸ್ಸೇ ಬಾರದ ಊರಿನಲ್ಲಿ ಏನಾಗಿದೆ?

ಪ್ರಶ್ನೆ ಸಿಕ್ಕಿತೆಂದು ಅನಿಸಿದ ಕೂಡಲೇ ಅದನ್ನು ಬೇರೆ ಯಾರಾದರೂ ಕೇಳಿದ್ದಾರೆಯೇ ಎಂದು ನೋಡಬೇಕು. ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಎಂಬ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯಕ್ಕೆ ಹತ್ತಿರದ ಐದಾರು ಪ್ರಬಂಧಗಳನ್ನಾದರೂ ತೆರೆದು, ಕೊನೆಯ ಅಧ್ಯಾಯದಲ್ಲಿ ‘ಮುಂದಿನ ಸಂಶೋಧನೆಗೆ ಸಲಹೆಗಳು’ ಎಂದಿರುವ ಪುಟಗಳನ್ನು ಮೊದಲು ಓದಿ. ಆ ಪುಟಗಳಲ್ಲಿ ದುಡಿದವರ ಪ್ರಾಮಾಣಿಕತೆ ಇರುತ್ತದೆ.

ಕ್ಷೇತ್ರದ ಸಣ್ಣ ಪ್ರಶ್ನೆಯಿಂದ ಏನು ಮಹಾ ಆಗುತ್ತದೆ ಎಂಬ ಅಳುಕು ಬೇಡ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ‘ಬಳ್ಳಾರಿ ಮಾದರಿ’ಯಾಗಿ, 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಲು ತಳಹದಿಯಾಯಿತು.

ನಿಯಮಗಳನ್ನು ನೀವೇ ಓದಿಕೊಳ್ಳಿ

ಈಗ ಸೇರುವವರಿಗೆ ಅನ್ವಯಿಸುವುದು 2022ರ ನವೆಂಬರಿನಲ್ಲಿ ಪ್ರಕಟವಾದ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಪಿಎಚ್‌.ಡಿ. ನಿಯಮಾವಳಿ. ಅದನ್ನು ಪರಿಚಯದವರ ಬಾಯಿಂದ ಕೇಳಿ ತಿಳಿಯುವ ಬದಲು ಒಮ್ಮೆ ಪೂರ್ತಿ ಓದಿದರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಾದವರಿಗೆ ಶೇ. 5ರ ಸಡಿಲಿಕೆ ಇದೆ. ಕೋರ್ಸ್ ವರ್ಕ್ (ಸಂಶೋಧನೆಯ ಜೊತೆಗೆ ಮುಗಿಸಬೇಕಾದ ತರಗತಿಯ ಪಾಠಗಳು) ಸೇರಿ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು ವರ್ಷ ಕೊಡಲು ಅವಕಾಶವಿದ್ದು, ಒಟ್ಟು 10 ವರ್ಷ ಮೀರುವಂತಿಲ್ಲ. ಮಹಿಳಾ ಸಂಶೋಧನಾರ್ಥಿಗಳಿಗೆ ಹೆರಿಗೆ ಮತ್ತು ಶಿಶುಪಾಲನೆಗೆಂದು ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಪಡೆಯಬಹುದು. ಈ ಸಂಗತಿ ಗೊತ್ತಿಲ್ಲದೆ ಸಂಶೋಧನೆಯನ್ನೇ ಕೈಬಿಟ್ಟ ಗೆಳತಿಯರನ್ನು ನಾನು ಬಲ್ಲೆ.

ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಭಾಗ ಸಂಶೋಧನಾ ವಿಧಾನ, ಇನ್ನರ್ಧ ನಿಮ್ಮ ವಿಷಯ. ಶೇ. 50 ಅಂಕ ಬಂದರೆ ಸಂದರ್ಶನಕ್ಕೆ ಅರ್ಹತೆ. ಅಂತಿಮ ಆಯ್ಕೆಯಲ್ಲಿ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. 2024-25ರಿಂದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನ ಅಂಕವನ್ನೂ ಪಿಎಚ್‌.ಡಿ. ಪ್ರವೇಶಕ್ಕೆ ಬಳಸಲು ಯುಜಿಸಿ ಅವಕಾಶ ಮಾಡಿದೆ. ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಪಾಸಾದವರು ತಮಗೆ ವಿನಾಯಿತಿ ಇದೆಯೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು. ಓದು ಬಿಟ್ಟು ಬಹುಕಾಲವಾದವರಿಗೆ ಕಷ್ಟವಾಗುವುದು ಸಂಶೋಧನಾ ವಿಧಾನದ ಭಾಗವೇ. ಮಾದರಿ ಆಯ್ಕೆ, ಪರಿಕಲ್ಪನೆ, ಮಾಪನ, ಸರಳ ಸಂಖ್ಯಾಶಾಸ್ತ್ರ ಇವಿಷ್ಟನ್ನು ಎಂಎಸ್‌ಡಬ್ಲ್ಯು ಪುಸ್ತಕಗಳಿಂದಲೇ ಮತ್ತೆ ಓದಿದರೆ ಸಾಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ದೂರಶಿಕ್ಷಣದ ಮೂಲಕವಾಗಲಿ ಆನ್‌ಲೈನ್ ಮೂಲಕವಾಗಲಿ ಪಿಎಚ್‌.ಡಿ. ನಡೆಸುವಂತಿಲ್ಲ ಎಂದು ಇದೇ ನಿಯಮಾವಳಿ ಹೇಳುತ್ತದೆ. ಎರಡೇ ವರ್ಷದಲ್ಲಿ, ಮನೆಯಲ್ಲೇ ಕುಳಿತು, ಪ್ರಬಂಧವನ್ನೂ ಬರೆದುಕೊಡುತ್ತೇವೆ ಎಂದು ಫೋನ್ ಮಾಡುವವರಿಗೆ ನಿಮ್ಮ ಬೆವರಿನ ದುಡ್ಡು ಕೊಡಬೇಡಿ. ಅರೆಕಾಲಿಕ ಪಿಎಚ್‌.ಡಿ. ಬೇರೆ, ಆನ್‌ಲೈನ್ ಪಿಎಚ್‌.ಡಿ. ಬೇರೆ, ಮೊದಲನೆಯದಕ್ಕೆ ಮಾನ್ಯತೆ ಇದೆ, ಎರಡನೆಯದಕ್ಕೆ ಇಲ್ಲ.

ನಿರಾಕ್ಷೇಪಣಾ ಪತ್ರ

ಅರೆಕಾಲಿಕವಾಗಿ ಸೇರುವವರು ಕೆಲಸ ಕೊಟ್ಟ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಅದರಲ್ಲಿ ಮೂರು ಮಾತುಗಳು ಇರಲೇಬೇಕು: ಅರೆಕಾಲಿಕ ಅಧ್ಯಯನಕ್ಕೆ ಅನುಮತಿ ಇದೆ, ಕೆಲಸದ ಹೊರೆ ಸಂಶೋಧನೆಗೆ ಸಾಕಷ್ಟು ಸಮಯ ಬಿಟ್ಟುಕೊಡುತ್ತದೆ, ಅಗತ್ಯ ಬಿದ್ದರೆ ಕೋರ್ಸ್ ವರ್ಕ್ ಮುಗಿಸಲು ಕರ್ತವ್ಯದಿಂದ ಬಿಡುವು ಕೊಡಲಾಗುತ್ತದೆ. ‘ನಮ್ಮ ಅಭ್ಯಂತರವಿಲ್ಲ’ ಎಂಬ ಒಂದೇ ಸಾಲಿನ ಪತ್ರ ತಂದು ವಾಪಸಾದವರಿದ್ದಾರೆ. ಪತ್ರದ ಕರಡನ್ನು ನೀವೇ ಬರೆದು ಸಹಿಗೆ ಇಡುವುದು ಒಳ್ಳೆಯದು.

ಸರ್ಕಾರೇತರ ಸಂಸ್ಥೆಗಳಲ್ಲಿ ಇರುವವರ ಕಷ್ಟ ಇನ್ನೂ ಬೇರೆ. ಯೋಜನೆಯ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ, ಏಪ್ರಿಲಿನಲ್ಲಿ ಹೊಸ ಯೋಜನೆ, ಕೆಲವೊಮ್ಮೆ ಹೊಸ ಸಂಸ್ಥೆ. ಪತ್ರವನ್ನು ಯೋಜನೆಯ ಸಂಯೋಜಕರಿಂದಲ್ಲದೆ ಟ್ರಸ್ಟಿನ ಕಾರ್ಯದರ್ಶಿಯಿಂದಲೋ ನಿರ್ದೇಶಕರಿಂದಲೋ ಪಡೆಯಿರಿ. ಕೆಲಸ ಬದಲಾದರೆ ಆ ತಿಂಗಳೊಳಗೇ ವಿಶ್ವವಿದ್ಯಾಲಯಕ್ಕೆ ಲಿಖಿತವಾಗಿ ತಿಳಿಸಿ, ಹೊಸ ಪತ್ರ ಸಲ್ಲಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಕಡತದಲ್ಲಿಡಿ.

ಮಾರ್ಗದರ್ಶಕರನ್ನು ಹುಡುಕುವುದು

ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರು ವಿಶ್ವವಿದ್ಯಾಲಯಗಳ ಸಮಾಜಕಾರ್ಯ ವಿಭಾಗಗಳು, ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ, 1960ರಲ್ಲಿ ಮಂಗಳೂರಿನಲ್ಲಿ ಶುರುವಾದ ರೋಶನಿ ನಿಲಯ, ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ನಿಮ್ಹಾನ್ಸ್, ಇವು ಮೊದಲು ವಿಚಾರಿಸಬೇಕಾದ ಜಾಗಗಳು. ಪ್ರಶ್ನೆ ಅರ್ಥಶಾಸ್ತ್ರ ಅಥವಾ ಅಭಿವೃದ್ಧಿಯ ಕಡೆಗೆ ವಾಲಿದ್ದರೆ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನೂ ನೋಡಬಹುದು. ಹೊರಗೆ ಹೋಗಲು ಸಾಧ್ಯವಿರುವವರಿಗೆ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದೆ. ಭಾರತದಲ್ಲಿ ಸಮಾಜಕಾರ್ಯ ಶಿಕ್ಷಣ ಮೊದಲಾದದ್ದೇ ಅಲ್ಲಿ, 1936ರಲ್ಲಿ.

ಆದರೆ ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರು ಮುಖ್ಯ. ಪ್ರಾಧ್ಯಾಪಕರು ಒಂದು ಸಮಯಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅರೆಕಾಲಿಕರಿಗೆ ಐದಾರು ವರ್ಷ ಹಿಡಿಯುವುದರಿಂದ, ನಾಲ್ಕು ವರ್ಷ ಸೇವೆ ಉಳಿದಿರುವವರು ನಿಯಮದ ಪ್ರಕಾರ ಸರಿಯಾದರೂ ನಿಮ್ಮ ಮಟ್ಟಿಗೆ ಅಪಾಯವೇ. ನಿವೃತ್ತಿಯ ಬಳಿಕ ಅವರು ಸಹ ಮಾರ್ಗದರ್ಶಕರಾಗಿ ಮಾತ್ರ ಉಳಿಯಬಲ್ಲರು. ‘ಸರ್, ನಿಮ್ಮ ಸೇವೆ ಇನ್ನೆಷ್ಟು ವರ್ಷ ಇದೆ’ ಎಂದು ಕೇಳಲು ಸಂಕೋಚವಾಗುತ್ತದೆ, ಆದರೂ ವಿನಯದಿಂದ ಕೇಳಿಬಿಡಿ. ಮೊದಲ ಭೇಟಿಗೆ ಹೋಗುವಾಗ ಎರಡು ಪುಟದ ಟಿಪ್ಪಣಿ ಒಯ್ಯಿರಿ: ಕ್ಷೇತ್ರದಲ್ಲಿ ಕಂಡ ಒಂದು ಘಟನೆ, ಅದರಿಂದ ಹುಟ್ಟಿದ ಪ್ರಶ್ನೆ, ಮಾಹಿತಿ ಎಲ್ಲಿ ಸಿಗುತ್ತದೆ ಎಂಬುದು. ಅವರ ಬಳಿ ಈಗಿರುವ ವಿದ್ಯಾರ್ಥಿಗಳಲ್ಲಿ ಒಬ್ಬರನ್ನಾದರೂ ಬೇರೆಯಾಗಿ ಭೇಟಿಯಾಗಿ, ಬರೆದುಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ಮರಳಿ ಬರುತ್ತದೆ ಎಂದು ವಿಚಾರಿಸಿ. ಇದಕ್ಕಿಂತ ಉಪಯುಕ್ತವಾದ ವಿಚಾರಣೆ ಇನ್ನೊಂದಿಲ್ಲ.

ಕೋರ್ಸ್ ವರ್ಕ್ ಮತ್ತು ದಿನಚರಿ

ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್‌ಗಳದ್ದು, ಅದರಲ್ಲಿ ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಪಾಠವೂ ಸೇರಿದೆ, ಶೇ. 55 ಅಂಕ ಬರಬೇಕು. ತರಗತಿಗೆ ಹಾಜರಾಗುವ ಆ ತಿಂಗಳುಗಳಿಗೆ ರಜೆಯನ್ನು ಮೊದಲೇ ಕೂಡಿಟ್ಟುಕೊಳ್ಳಿ. ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕಾಗುತ್ತದೆ. ಇದನ್ನು ಹೊರೆ ಎಂದುಕೊಳ್ಳದೆ ಗಡುವು ಎಂದುಕೊಂಡರೆ ಅರೆಕಾಲಿಕರಿಗೆ ಅದರಷ್ಟು ಉಪಕಾರಿ ಬೇರೆ ಇಲ್ಲ. ದಿನಾ ಓದುತ್ತೇನೆಂಬ ಸಂಕಲ್ಪ ನನ್ನಲ್ಲಿ ಒಂದು ವಾರವೂ ಉಳಿಯಲಿಲ್ಲ. ವಾರಕ್ಕೆ ಮೂರು ದಿನ ಬೆಳಗಿನ ಐದರಿಂದ ಏಳು, ಭಾನುವಾರ ಅರ್ಧ ದಿನ ಎಂದು ಮನೆಯವರೊಡನೆ ಕುಳಿತು ನಿಗದಿ ಮಾಡಿಕೊಂಡ ಮೇಲಷ್ಟೇ ಕೆಲಸ ಸಾಗಿತು.

ಬರೆಯುವ ಸಲಕರಣೆಯ ಬಗ್ಗೆ ಒಂದು ಮಾತು. ಧ್ವನಿಮುದ್ರಿತ ಸಂದರ್ಶನಗಳನ್ನು ಬರಹಕ್ಕಿಳಿಸುವ ಕೆಲಸವನ್ನು ಮೊದಲ ದಿನದಿಂದಲೇ ಯೂನಿಕೋಡ್ ಕನ್ನಡದಲ್ಲಿ ಮಾಡಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿಸಿದ ನಲವತ್ತು ಸಂದರ್ಶನಗಳಲ್ಲಿ ಒಂದು ಪದ ಹುಡುಕಲೂ ಆಗದೆ, ಎಲ್ಲವನ್ನೂ ಪರಿವರ್ತಿಸಿ, ಕೆಟ್ಟ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದುವುದರಲ್ಲಿ ನನ್ನ ಎರಡು ತಿಂಗಳು ಹೋಯಿತು.

ಕಾರ್ಯಕರ್ತೆಯೇ ಸಂಶೋಧಕಿಯಾದಾಗ

ಅನುಭವಿಗಳಿಗೆ ಇರುವ ದೊಡ್ಡ ಬಲವೂ ದೊಡ್ಡ ಅಪಾಯವೂ ಒಂದೇ: ಜನ ನಮ್ಮನ್ನು ಬಲ್ಲರು. ಪಿಂಚಣಿ ಅರ್ಜಿ ಬರೆದುಕೊಟ್ಟ ಮೇಡಂ, ಆಸ್ಪತ್ರೆಯಲ್ಲಿ ಸರದಿ ತಪ್ಪಿಸಿ ಒಳಗೆ ಕಳಿಸಿದ ಅಕ್ಕ, ಈಗ ಫಾರಂ ಹಿಡಿದು ಬಂದು ಸಹಿ ಕೇಳಿದರೆ ಯಾರು ಬೇಡ ಎಂದಾರು? ಒಬ್ಬ ಅಜ್ಜಿ ನನ್ನ ಒಪ್ಪಿಗೆ ಪತ್ರವನ್ನು ಓದಿ ಹೇಳುವ ಮೊದಲೇ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ಕುಳಿತಿದ್ದರು. ‘ನೀನು ಬಂದಿದ್ದೀಯಲ್ಲವ್ವ, ಇನ್ನೇನು ಕೇಳಾದು’ ಎಂದರು. ಅದನ್ನು ಒಪ್ಪಿಗೆ ಎನ್ನಲಾಗದು, ಅದು ಹಂಗು. ಅವತ್ತು ಸಂದರ್ಶನ ಮಾಡದೆ ಟೀ ಕುಡಿದು ಎದ್ದು ಬಂದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಮೂರು. ಸಾಧ್ಯವಾದರೆ ನೀವು ಸೇವೆ ಕೊಡದ ತಾಲ್ಲೂಕನ್ನು ಆರಿಸಿಕೊಳ್ಳಿ. ಪ್ರಶ್ನೆ ಅದೇ ಇರಲಿ, ಊರು ಬೇರೆಯಿರಲಿ. ಅದು ಆಗದಿದ್ದರೆ ಒಪ್ಪಿಗೆ ಕೇಳುವ ಕೆಲಸವನ್ನು ಅವರಿಗೆ ಯಾವ ನೆರವೂ ಕೊಡದ ಇನ್ನೊಬ್ಬರಿಗೆ ಒಪ್ಪಿಸಿ, ನೀವು ಮರುದಿನ ಹೋಗಿ. ಮತ್ತು ‘ಬೇಡ ಅಂದರೂ ಮಾತ್ರೆ, ಪಿಂಚಣಿ, ಮನೆಭೇಟಿ ಯಾವುದೂ ನಿಲ್ಲುವುದಿಲ್ಲ’ ಎಂಬ ಮಾತನ್ನು ಪತ್ರದಲ್ಲಿ ಬರೆದರೆ ಸಾಲದು, ಅವರ ಊರಿನ ಮಾತಿನಲ್ಲೇ ಬಾಯಿಬಿಟ್ಟು ಹೇಳಿ, ಅವರಿಂದ ಮರಳಿ ಹೇಳಿಸಿ.

ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬರುವ ಮೊದಲು ಒಂದು ಸಂದರ್ಶನವನ್ನೂ ಮಾಡಬಾರದು. ಕೇಸ್ ಫೈಲುಗಳನ್ನು ನಾವೇ ಬರೆದಿರುತ್ತೇವೆ, ಆದರೆ ಅವು ನಮ್ಮವಲ್ಲ; ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಅವುಗಳಿಂದ ಒಂದು ಸಾಲೂ ಪ್ರಬಂಧಕ್ಕೆ ಬರಬಾರದು. ಮಾನಸಿಕ ಕಾಯಿಲೆ ಇರುವವರನ್ನು ಸಂಶೋಧನೆಗಾಗಿ ಸಂದರ್ಶಿಸುವುದಕ್ಕೂ ಅವರ ಸ್ವತಂತ್ರ, ತಿಳಿದು ಕೊಟ್ಟ ಒಪ್ಪಿಗೆ ಬೇಕೆಂದು, ಅದನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 99ನೇ ಸೆಕ್ಷನ್ ಹೇಳುತ್ತದೆ. ಮಕ್ಕಳ ಜೊತೆ ಕೆಲಸ ಮಾಡುವವರು ‘ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಲೇಬಾರದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧದ ಮಾಹಿತಿ ಸಿಕ್ಕ ಯಾರೇ ಆಗಲಿ ವರದಿ ಮಾಡಬೇಕು, ಸಂಶೋಧಕರಿಗೆ ಅದರಲ್ಲಿ ವಿನಾಯಿತಿ ಇಲ್ಲ. ಈ ಮಿತಿಯನ್ನು ಮಾತು ಶುರುವಾಗುವ ಮುನ್ನವೇ ಮಗುವಿಗೂ ಪೋಷಕರಿಗೂ ತಿಳಿಸಿರಬೇಕು. ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ ಎಂಬುದೂ ನೆನಪಿರಲಿ. ‘ಊರಿನ ಅಂಗನವಾಡಿ ಸಹಾಯಕಿಯ ಮಗ’ ಎಂದು ಬರೆದರೆ ಇಡೀ ಊರಿಗೆ ಅವನಾರೆಂದು ಗೊತ್ತಾಗುತ್ತದೆ.

ಜನರ ಮಾತು, ಪ್ರಬಂಧದ ಭಾಷೆ

ಸಂದರ್ಶನದಲ್ಲಿ ಕೇಳಿದ್ದನ್ನು ಇಂಗ್ಲಿಷಿನ ಪ್ರಬಂಧಕ್ಕೆ ತರುವಾಗ ಹೆಚ್ಚು ನಷ್ಟವಾಗುತ್ತದೆ. ‘ಮಂಕು ಕವಿದದೆ’, ‘ಗಾಳಿ ಸೋಕಿದೆ’, ‘ಯಾರೋ ಮಾಡಿಸವ್ರೆ’, ‘ಮನಸ್ಸು ಸರಿಯಿಲ್ಲ’, ‘ನರದ ವೀಕ್ನೆಸ್ಸು’ ಎಂದು ಐದು ಮನೆಯವರು ಹೇಳಿದ್ದನ್ನು ಒಂದೇ ರೋಗದ ಹೆಸರಿಗೆ ಇಳಿಸಿಬಿಟ್ಟರೆ, ಅವರಲ್ಲಿ ಕೆಲವರು ಮೊದಲು ದೇವಸ್ಥಾನಕ್ಕೆ ಹೋದದ್ದೇಕೆ, ಕೆಲವರು ಮೊದಲು ಆಸ್ಪತ್ರೆಗೆ ಬಂದದ್ದೇಕೆ ಎಂಬುದರ ಸುಳಿವೇ ಅಳಿಸಿಹೋಗುತ್ತದೆ. ಮೂಲ ಮಾತನ್ನು ಕನ್ನಡದಲ್ಲೇ ಉಳಿಸಿ ಪಕ್ಕದಲ್ಲಿ ಅನುವಾದ ಕೊಡಿ. ಕನ್ನಡದಲ್ಲೇ ಪ್ರಬಂಧ ಬರೆಯುವ ಆಸೆಯಿದ್ದರೆ ನಿಮ್ಮ ವಿಶ್ವವಿದ್ಯಾಲಯ ಆ ವಿಷಯದಲ್ಲಿ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂಬುದನ್ನು ನೋಂದಣಿಗೆ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ಮಾಪನದ ಪ್ರಶ್ನಾವಳಿಗಳಿಗೂ ಇದೇ ಮಾತು ಸಲ್ಲುತ್ತದೆ. ಹೊರದೇಶದ ಮಾಪಕವನ್ನು ಅವಸರದಲ್ಲಿ ಅನುವಾದಿಸುವ ಮೊದಲು ನಮ್ಮ ನೆಲದ್ದು ಇದೆಯೇ ಎಂದು ನೋಡಿ. ಮನೋರೋಗಿಯ ಕುಟುಂಬದ ಮೇಲೆ ಬೀಳುವ ಹೊರೆಯನ್ನು ಅಳೆಯಲು ಶೈಲಾ ಪೈ ಮತ್ತು ಆರ್.ಎಲ್. ಕಪೂರ್ 1981ರಲ್ಲಿ ಪ್ರಕಟಿಸಿದ ಸಂದರ್ಶನ ಪಟ್ಟಿ ಭಾರತದ ಕುಟುಂಬಗಳನ್ನು ನೋಡಿಯೇ ರೂಪುಗೊಂಡದ್ದು, ಇವತ್ತಿಗೂ ಬಳಕೆಯಲ್ಲಿದೆ. ಯಾವುದನ್ನೇ ಬಳಸಿದರೂ ಮೊದಲು ಎಂಟು ಹತ್ತು ಮನೆಗಳಲ್ಲಿ ಪ್ರಯೋಗಿಸಿ, ಯಾವ ಪ್ರಶ್ನೆಗೆ ಜನ ಮುಖ ಮುಖ ನೋಡುತ್ತಾರೆ ಎಂದು ಗಮನಿಸಿ ತಿದ್ದಿಕೊಳ್ಳಿ. ಬಿತ್ತನೆ, ಕೊಯ್ಲಿನ ದಿನಗಳಲ್ಲಿ ಯಾರೂ ಮನೆಯಲ್ಲಿ ಸಿಗುವುದಿಲ್ಲ ಎಂಬುದು ನಮಗೆ ಗೊತ್ತಿದ್ದೂ ಸಂಶೋಧನೆಯ ವೇಳಾಪಟ್ಟಿ ಬರೆಯುವಾಗ ಮರೆಯುತ್ತೇವೆ.

ಸಲ್ಲಿಕೆ, ವೈವಾ

ಪ್ರಬಂಧವನ್ನು ಸಲ್ಲಿಸುವ ಮೊದಲು ಕೃತಿಚೌರ್ಯ ತಪಾಸಣೆ ಇರುತ್ತದೆ. 2018ರ ಯುಜಿಸಿ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದು ಮೀರಿದರೆ ತಿದ್ದಿ ಮತ್ತೆ ಸಲ್ಲಿಸುವುದರಿಂದ ಹಿಡಿದು ನೋಂದಣಿ ರದ್ದಾಗುವವರೆಗೆ ಹಂತಗಳಿವೆ. ಕ್ಷೇತ್ರದವರು ಇಲ್ಲಿ ಸಿಕ್ಕಿಬೀಳುವುದು ತಮ್ಮದೇ ಸಂಸ್ಥೆಯ ವಾರ್ಷಿಕ ವರದಿಯ ಸಾಲುಗಳನ್ನು ಹಾಗೆಯೇ ಎತ್ತಿ ಬಳಸಿದಾಗ. ಆ ವರದಿಯನ್ನು ನೀವೇ ಬರೆದಿದ್ದರೂ ಉಲ್ಲೇಖ ಕೊಡಲೇಬೇಕು. ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಪ್ರಬಂಧ ಓದುತ್ತಾರೆ, ಆಮೇಲೆ ಮುಕ್ತ ವೈವಾ, ಅಂದರೆ ಎಲ್ಲರೆದುರು ನಡೆಯುವ ಮೌಖಿಕ ಪರೀಕ್ಷೆ. ಅನುಭವಿಗಳು ವೈವಾದಲ್ಲಿ ಎಡವುವುದು ಕಥೆ ಹೇಳಲು ಹೊರಟಾಗ. ಕೇಳಿದ ಪ್ರಶ್ನೆಗೆ ನಿಮ್ಮ ದತ್ತಾಂಶದಿಂದ ಉತ್ತರಿಸಿ, ಅದರಲ್ಲಿ ಇಲ್ಲದ್ದನ್ನು ‘ಇದು ನನ್ನ ಅಧ್ಯಯನದ ವ್ಯಾಪ್ತಿಯಲ್ಲಿ ಇರಲಿಲ್ಲ’ ಎಂದು ಒಪ್ಪಿಕೊಳ್ಳಿ.

ಪದವಿ ಘೋಷಣೆಯಾಗುವ ಮೊದಲು ಪ್ರಬಂಧದ ಇ-ಪ್ರತಿ ಇನ್‌ಫ್ಲಿಬ್‌ನೆಟ್‌ಗೆ ಹೋಗಬೇಕು. ಅದರ ಜೊತೆಗೆ, ಯಾವ ನಿಯಮವೂ ಕೇಳದ ಇನ್ನೊಂದು ಪ್ರತಿಯನ್ನು ತಯಾರು ಮಾಡಿ: ಕೋಷ್ಟಕಗಳಿಲ್ಲದ, ಸರಳ ಕನ್ನಡದ ಎರಡು ಪುಟ. ಮಾಹಿತಿ ಕೊಟ್ಟ ಮನೆಯವರಿಗೆ ಅದನ್ನು ಓದಿ ಹೇಳಿ, ಕ್ಲಿನಿಕ್ಕಿನ ನರ್ಸ್‌ಗೆ ಒಂದು ಪ್ರತಿ, ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು, ಆಶಾ ಕಾರ್ಯಕರ್ತೆಯರ ತಿಂಗಳ ಸಭೆಗೆ ಒಂದು ಕೊಡಿ. ನಾನು ಒಯ್ದ ಎರಡು ಪುಟಗಳಲ್ಲಿ ‘ಬಂದಿಲ್ಲ’ ಎಂದು ಬರೆಯುವ ಕಾಲಂ ಪಕ್ಕದಲ್ಲಿ ‘ಔಷಧಿ ಎಲ್ಲಿಂದ’ ಎಂಬ ಇನ್ನೊಂದು ಕಾಲಂ ಬೇಕೆಂಬ ಒಂದು ಸಲಹೆ ಮಾತ್ರ ಇತ್ತು. ವೈವಾ ಮುಗಿದ ತಿಂಗಳೊಳಗೇ ಇದನ್ನು ಮಾಡಿಬಿಡಿ. ತಡವಾದರೆ ನರ್ಸ್‌ಗೆ ವರ್ಗವಾಗಿರುತ್ತದೆ.